ಹಿಂದಿದ್ದ ಗೋಡೆ

ಅನಸೂಯಮ್ಮ ಮಾಳಿಗೆಯ ಮೇಲೆ ಸ್ಟೂಲಿನಲ್ಲಿ ಕೂತು ಅರ್ಧ ಗಂಟೆ ದಾಟಿತ್ತು. ಅವಳ ಬೆನ್ನ ಹಿಂದೆ ಪಕ್ಕದ ಮನೆಯವರು ತಾರಸಿಯಲ್ಲಿ ಹರವಿದ್ದ ಒಣಮೆಣಸಿನಕಾಯಿ, ಅದರಾಚೆ ಏಪ್ರಿಲ್ ಬಿಸಿಲಿಗೆ ಬೆಳ್ಳಗೆ ಕಾದ ಅಂತರಗಂಗೆಯ ಬೆಟ್ಟ. ಅವಳ ಗಂಡ ಕದಿರಪ್ಪ ಕ್ಯಾಮೆರಾದಿಂದ ರಷ್ಯನ್ ಲೆನ್ಸನ್ನು ತಿರುಗಿಸಿ ಬಿಚ್ಚಿ, ಜಪಾನಿನದನ್ನು ಕೂರಿಸಿ ಕಣ್ಣಿಟ್ಟ. ಹೆಂಡತಿಯ ಹುಬ್ಬಿನ ಒಂದೊಂದು ಕೂದಲೂ ಎದ್ದು ನಿಂತಿತು. ಹಿಂದಿನ ಮೆಣಸಿನಕಾಯಿ ಮಾತ್ರ ಅಂಚುಗಳನ್ನು ಕಳೆದುಕೊಂಡು, ಒಂದರೊಳಗೊಂದು ಇಳಿದು, ಹೆಪ್ಪುಗಟ್ಟುವ ಮೊದಲಿನ ನೆತ್ತರಿನ ಹಾಗೆ ಹರಡಿಕೊಂಡಿತು. ಅವನು ಕ್ಯಾಮೆರಾ ಕೆಳಗಿಳಿಸಿದ. ಈ ಹೋಲಿಕೆ ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿತ್ತು. ನಾಲ್ಕು ದಿನದಿಂದ ಏನನ್ನು ನೋಡಿದರೂ ಅಲ್ಲಿಗೇ ಹೋಗಿ ಮುಟ್ಟುತ್ತಿತ್ತು; ಬೆಳಿಗ್ಗೆ ಹೆಂಡತಿ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುವ ಸದ್ದು ಕೇಳಿ ಎದ್ದು ಬಚ್ಚಲಿಗೆ ಹೋಗಿ ಸುಮ್ಮನೆ ನಿಂತು ಬಂದಿದ್ದ.

ನೀರಿನ ತೊಟ್ಟಿಯ ನೆರಳಲ್ಲಿ ಓಬೇದುಲ್ಲಾ ಕುಕ್ಕರಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದ. ಗಡಿಯಾರದ ಗೋಪುರದ ಹತ್ತಿರ ವಾಚು, ಕ್ಯಾಮೆರಾ ರಿಪೇರಿ ಮಾಡುವವನು. ಹೊರಗಿನವರು ಯಾರೋ ಮಾರಿಹೋದ ಈ ಎಂಬತ್ತೈದು ಮಿಲಿಮೀಟರಿನ ಜಪಾನಿ ಲೆನ್ಸನ್ನು ಒಂದು ವಾರ ನೋಡಿ ಹೇಳು ಎಂದು ಕದಿರಪ್ಪನ ಕೈಗಿಟ್ಟವನೂ ಅವನೇ. ಇಡೀ ಕೋಲಾರದಲ್ಲಿ, ಮುಖದ ಹಿಂದೆ ಏನು ಕರಗುತ್ತದೆ, ಹೇಗೆ ಕರಗುತ್ತದೆ ಎಂಬುದರ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲವರು ಇವರಿಬ್ಬರೇ. ಕದಿರಪ್ಪ ಅದನ್ನು ಮಸುಕು ಎನ್ನುತ್ತಿದ್ದ, ಓಬೇದುಲ್ಲಾ ಧುಂದ್ ಎನ್ನುತ್ತಿದ್ದ.

"ನಿನ್ನ ರಷ್ಯಾದ್ದು ಹಿಂದಿರೋದನ್ನ ಸಾಯಿಸಲ್ಲ ಕದಿರಪ್ಪ," ಎಂದ ಓಬೇದುಲ್ಲಾ. "ಹೊಡೀತದೆ, ಕೈಕಾಲು ತಿರುಚ್ತದೆ, ಆದ್ರೆ ಸಾಯಿಸಲ್ಲ. ಕಂಬ ಇದ್ರೆ ಎರಡು ಕಂಬ ಆಗ್ತದೆ, ಆದ್ರೂ ಕಂಬ ಅಂತ ಗೊತ್ತಾಗ್ತದೆ. ಈ ಜಪಾನಿಂದು ಐತಲ್ಲ, ಇದು ಮುಖದ ಮೇಲೆ ದಿಂಬು ಇಟ್ಟು ಒತ್ತೋ ಥರ. ಸದ್ದೇ ಇಲ್ಲ."

"ಎರಡ್ರಲ್ಲಿ ಯಾವುದು ಒಳ್ಳೇದು?"

"ನಿಂಗೆ ಏನು ಬೇಕು ಅನ್ನೋದ್ರ ಮೇಲೆ."

"ನನ್ನ ಮುಖ ಹೆಂಗ್ ಬಂತು ಅಂತ ಇಬ್ರಲ್ಲಿ ಒಬ್ರಾದ್ರೂ ಹೇಳ್ತೀರಾ?" ಎಂದಳು ಅನಸೂಯಮ್ಮ, ಸ್ಟೂಲಿನಿಂದ ಏಳುತ್ತ. ಇಬ್ಬರೂ ಲೆನ್ಸಿನ ಮೇಲೆ ಬಗ್ಗಿದ್ದರು. ಅವಳು ಸೆರಗು ಕೊಡವಿ ಮೆಟ್ಟಿಲಿಳಿದು ಹೋದಳು. ಓಬೇದುಲ್ಲಾ ಬೀಡಿ ಹೊಸಕಿ, "ಸೀಗಲಪಲ್ಲಿಗೆ ಹೋಗಿದ್ಯಂತೆ, ಆ ಹೆಣದ ಪಟಕ್ಕೆ. ಯಾವ ಲೆನ್ಸು ಹಾಕ್ದೆ?" ಎಂದು ಕೇಳಿದ. "ರಷ್ಯಾದ್ದು," ಎಂದ ಕದಿರಪ್ಪ. ಅದು ಅರ್ಧ ಸುಳ್ಳು. ಎರಡನ್ನೂ ಹಾಕಿದ್ದ.

ಸೀಗಲಪಲ್ಲಿ ಶ್ರೀನಿವಾಸಪುರದ ಕಡೆಯ ಊರು, ಹಿಪ್ಪುನೇರಳೆ ತೋಟಗಳ ನಡುವೆ ಇರುವಂಥದ್ದು. ನಾಲ್ಕು ದಿನದ ಹಿಂದೆ ಬೆಳಿಗ್ಗೆ ಆರಕ್ಕೇ ಠಾಣೆಯ ಜೀಪು ಕದಿರಪ್ಪನ ಸ್ಟುಡಿಯೋ ಮುಂದೆ ನಿಂತಿತ್ತು. ಹೆಣದ ಫೋಟೋಕ್ಕೆ ಆ ಕಡೆಯವರೂ ಅವನನ್ನೇ ಕರೆಸುತ್ತಿದ್ದರು. ವಾಂತಿ ಮಾಡಿಕೊಳ್ಳದೆ ಕೆಲಸ ಮುಗಿಸುತ್ತಾನೆ ಎಂಬ ಹೆಸರಿತ್ತು. ಸತ್ತವನು ಗಂಗುಲಪ್ಪ, ಕಾಲೋನಿಯ ಕೂಲಿಯವನು. ಊರಿನ ಜಮೀನುದಾರ ಕೋದಂಡರಾಮಪ್ಪನ ತೋಟದ ಪಂಪ್‌ಹೌಸಿನ ಪಕ್ಕ ಹೊಂಗೆಮರದ ಕೆಳಗೆ ಅಂಗಾತ ಬಿದ್ದಿದ್ದ. ತಲೆಯ ಒಂದು ಮಗ್ಗುಲು ಒಳಗೆ ಹೋಗಿತ್ತು. ಎದೆಯ ಮೇಲೆ ಅಡ್ಡಡ್ಡ ಬಾಸುಂಡೆ, ಬಲಗೈಯ ಬೆರಳು ಮೂರು ಹಿಂದಕ್ಕೆ ಮಡಿಚಿಕೊಂಡಿದ್ದವು. ತಲೆಗೆ ಬೀಳುವ ಏಟನ್ನು ತಡೆದಿದ್ದನೇನೋ. ಹಿಂದಿನ ದಿನ ಮಧ್ಯಾಹ್ನ ಪಂಪ್‌ಹೌಸಿನ ತೊಟ್ಟಿಯಲ್ಲಿಳಿದು ಸ್ನಾನ ಮಾಡಿದನಂತೆ, ಬೈದ ತೋಟದವರಿಗೆ ಎದುರುತ್ತರ ಕೊಟ್ಟನಂತೆ, ಕಬ್ಬಿಣದ ಪೈಪು ತಗೊಂಡರಂತೆ. ಇಷ್ಟನ್ನೂ ಜೀಪಿನ ಡ್ರೈವರ್ ಬೀಡಿ ಹಚ್ಚುತ್ತ, ಮಳೆ ಬೆಳೆ ಮಾತಾಡುವ ಹಾಗೆ ಹೇಳಿದ್ದ. ಪಂಪ್‌ಹೌಸಿನ ಗೋಡೆಯ ಮೇಲೆ ಎರಡು ವರ್ಷದ ಹಿಂದೆ ಸರ್ಕಾರದವರು ಬರೆಸಿದ್ದ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಆಳೆತ್ತರದ್ದು, ಚೂಪು ಕೆಳಗೆ. ಮೊದಲ ಏಟು ಬಿದ್ದದ್ದು ಅಲ್ಲೇ ಇರಬೇಕು, ಅದರ ಚೂಪಿನವರೆಗೂ ಗೋಡೆಗೆ ರಕ್ತ ಸಿಡಿದಿತ್ತು. ಎಸ್ಸೈ ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತ, "ಮುಖ, ಎದೆ. ಅಷ್ಟು ಸಾಕು. ಹಿಂದೆ ಏನೂ ಬರ್ಬಾರ್ದು," ಎಂದಿದ್ದ.

ಮೇಲಿನಿಂದ ಬಗ್ಗಿ ತೆಗೆದಿದ್ದರೆ ಹಿಂದೆ ಬರೀ ಮಣ್ಣು ಬರುತ್ತಿತ್ತು. ಕದಿರಪ್ಪನಿಗೆ ಅದು ಗೊತ್ತಿತ್ತು. ಆದರೆ ಚೀಲದಲ್ಲಿ ಓಬೇದುಲ್ಲಾನ ಲೆನ್ಸಿತ್ತು, ಹೊಂಗೆಯ ನೆರಳಿನ ಬೆಳಕು ಹದವಾಗಿತ್ತು, ಮುಖಕ್ಕೂ ಗೋಡೆಗೂ ನಡುವೆ ಐದಾರು ಮಾರು ಜಾಗವಿತ್ತು. ಮಸುಕನ್ನು ತೂಗಿ ನೋಡಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೆಂದರೂ ಸಿಗುವುದಿಲ್ಲ, ಅದೂ ಅಲುಗಾಡದ ಮುಖ. ಈ ಕೊನೆಯ ಮಾತು ತನ್ನ ತಲೆಯಲ್ಲಿ ಹಾದುಹೋದದ್ದು ಅವನಿಗೆ ಸ್ಪಷ್ಟವಾಗಿ ನೆನಪಿತ್ತು, ಯಾರೋ ಕಿವಿಯಲ್ಲಿ ಹೇಳಿದಷ್ಟು ಸ್ಪಷ್ಟವಾಗಿ. ನೆಲಕ್ಕೆ ಮೊಣಕೈ ಊರಿ, ಇರುವೆಗಳ ಸಾಲನ್ನು ಕೈಯಿಂದ ಸವರಿ, ರಷ್ಯನ್ ಲೆನ್ಸಿನಲ್ಲಿ ಒಂದು ತೆಗೆದ. ಬಿಚ್ಚಿ ಜಪಾನಿನದು ಹಾಕಿ ಹಿಂದಕ್ಕೆ ತೆವಳಿ ಇನ್ನೊಂದು ತೆಗೆದ. ಎಸ್ಸೈ, "ಹೆಣದ ಮುಂದೆ ಏನಯ್ಯಾ ಸರ್ಕಸ್ಸು," ಎಂದು ನಕ್ಕ. ಕದಿರಪ್ಪ ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಳ್ಳುವಷ್ಟರಲ್ಲಿ ನಾಲ್ಕು ಜನ ಹೆಣದ ಕೈಕಾಲು ಹಿಡಿದೆತ್ತಿ ಕೆರೆಯ ಕಟ್ಟೆಯ ಕಡೆ ಹೊರಟಿದ್ದರು. ಕುಡಿದು ಕಟ್ಟೆಯ ಕಲ್ಲಿನ ಮೇಲೆ ಬಿದ್ದು ಸತ್ತದ್ದು ಎಂದು ಬರೆದುಕೊಂಡರು. ಸಾಯಂಕಾಲ ಕದಿರಪ್ಪ ಜಪಾನಿ ಲೆನ್ಸಿನ ಪ್ರಿಂಟನ್ನು ಠಾಣೆಗೆ ಕಳಿಸಿಕೊಟ್ಟ. ಅದರಲ್ಲಿ ಹಿಂದಿನದೆಲ್ಲ ಬೂದಿ ಬಣ್ಣದ ಮಬ್ಬು. ಕಟ್ಟೆ ಎಂದರೆ ಕಟ್ಟೆ, ಆಕಾಶ ಎಂದರೆ ಆಕಾಶ.

ಓಬೇದುಲ್ಲಾ ಹೋದ ಮೇಲೆ ಅವನು ಸ್ಟುಡಿಯೋಗಿಳಿದು ಬಾಗಿಲು ತೆಗೆದ. ಒಳಕೋಣೆಯ ತಂತಿಯಲ್ಲಿ, ತನಗೆಂದು ಹಾಕಿಟ್ಟುಕೊಂಡ ಎರಡು ಪ್ರಿಂಟುಗಳು ಕ್ಲಿಪ್ಪಿಗೆ ಸಿಕ್ಕಿ ಪಕ್ಕಪಕ್ಕ ನೇತಾಡುತ್ತಿದ್ದವು. ರಷ್ಯನ್ನಿನದರಲ್ಲಿ ತ್ರಿಕೋನ ಎರಡಾಗಿ, ಅಂಚು ಒಡೆದು, ಆದರೂ ತ್ರಿಕೋನವಾಗಿಯೇ ನಿಂತಿತ್ತು. ಮಗ್ಗುಲಲ್ಲಿ ಪೈಪಿನ ಬಾಯಿ, ಬಾಗಿಲಿನ ಚೌಕಟ್ಟು. ಈ ನಾಲ್ಕು ದಿನದಲ್ಲಿ ಅದೆಷ್ಟು ಸಲ ಭೂತಗನ್ನಡಿ ಹಿಡಿದು ಅದರ ಮೇಲೆ ಬಗ್ಗಿದ್ದನೋ. ಬಗ್ಗಿದಾಗೆಲ್ಲ ಕಣ್ಣು ಮುಖವನ್ನು ದಾಟಿ ಮೂಲೆಗಳಿಗೆ ಹೋಗುತ್ತಿತ್ತು. ಪ್ರಿಂಟುಗಳ ಬೆನ್ನಿಗೆ, ತನ್ನ ಹಳೇ ಅಭ್ಯಾಸದಂತೆ, ಪೆನ್ಸಿಲಿನಲ್ಲಿ ಬರೆದೂ ಇಟ್ಟಿದ್ದ. ಒಂದಕ್ಕೆ, 'ಅಂಚು ಗಡಸು, ಸುಳಿ ಬೀಳುತ್ತೆ.' ಇನ್ನೊಂದಕ್ಕೆ, ಮಸುಕಿನ ನುಣುಪಿಗೆ, 'ಬೆಣ್ಣೆ.'

ಒಬ್ಬಳು ಹೆಂಗಸು ಬಂದದ್ದು ಅದೇ ಮಧ್ಯಾಹ್ನ. ಬಾಗಿಲ ಹೊರಗೇ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ. ನಲವತ್ತರ ಹತ್ತಿರದ ವಯಸ್ಸು, ಬರಿಗಾಲು, ಹಣೆ ಬರಿದು. ತಾನು ಸೀಗಲಪಲ್ಲಿ ಗಂಗುಲಪ್ಪನ ಹೆಂಡತಿ ರಾಮಲಕ್ಷ್ಮಮ್ಮ ಎಂದಳು.

"ಆಯಪ್ಪಂದು ಒಂದೂ ಪಟ ಇಲ್ಲ ಸಾಮಿ. ಮದುವೇಲೂ ತೆಗೆಸ್ಲಿಲ್ಲ. ನೀವು ತೆಗೆದಿರೋದೇ ಒಂದು ಅಂತೆ. ಅದನ್ನ ಕೊಟ್ರೆ ಗೋಡೆಗೆ ಹಾಕ್ಕಂತೀನಿ."

"ಅದು ನೋಡೋ ಹಂಗಿಲ್ಲಮ್ಮ."

"ನಾನು ತೊಳ್ದಿದೀನಿ ಸಾಮಿ ಆ ಮುಖಾನ," ಎಂದಳು ಅವಳು. "ನಂಗೇನು ಭಯ?"

ಠಾಣೆಗೆ ಕೊಟ್ಟದ್ದನ್ನೇ ಇವಳಿಗೂ ಕೊಟ್ಟರೆ ಮುಗಿಯಿತು ಎಂದುಕೊಂಡು ಒಳಕೋಣೆಗೆ ಹೋದ. ಅವಳು ಅಲ್ಲೇ ನಿಲ್ಲುತ್ತಾಳೆ ಎಂದುಕೊಂಡಿದ್ದ. ತಿರುಗಿದರೆ ಬೆನ್ನ ಹಿಂದೆಯೇ ಇದ್ದಳು, ತಂತಿಯ ಕೆಳಗೆ, ಮುಖ ಮೇಲೆತ್ತಿ. ಅಳಲಿಲ್ಲ. ಒಂದು ಪ್ರಿಂಟನ್ನು ಕ್ಲಿಪ್ಪಿನಿಂದ ಬಿಡಿಸಿ, ಹಿಂದೆ ತಿರುಗಿಸಿ ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ.

"ಇದೇನು ಬರ್ದಿದೀರ ಸಾಮಿ, ಆಯಪ್ಪನ ಹೆಸರಾ?"

ಅವಳ ಹೆಬ್ಬೆರಳು 'ಬೆಣ್ಣೆ' ಎಂಬ ಅಕ್ಷರಗಳ ಮೇಲಿತ್ತು. "ಹೂಂ," ಎಂದ ಕದಿರಪ್ಪ.

ಅವಳು ಆ ಅಕ್ಷರಗಳನ್ನು ಕಣ್ಣಿಗೊತ್ತಿಕೊಂಡಳು. ಅವನು ಬಾಯಿ ತೆರೆದು, ಇಲ್ಲಮ್ಮ, ಹೆಸರಲ್ಲ, ಎಂದು ಹೇಳಿಬಿಡಬೇಕು ಎನ್ನುವಷ್ಟರಲ್ಲಿ ಅವಳ ಕೈ ಇನ್ನೊಂದು ಪ್ರಿಂಟಿನ ಮೇಲೆ ಹೋಗಿತ್ತು. ಅದನ್ನು ಕಿಟಕಿಯ ಕಡೆ ತಿರುಗಿಸಿ ಹಿಡಿದಳು.

"ಇದು ಪಂಪ್‌ಹೌಸು," ಎಂದಳು. "ತ್ರಿಕೋಣದ ಗೋಡೆ. ಕಟ್ಟೆ ಮೇಲೆ ಸಿಕ್ಕ ಅಂದ್ರು. ನಾನು ಹೋದಾಗ ಕಟ್ಟೆ ಮೇಲೇ ಇತ್ತು ಹೆಣ. ಅಬದ್ಧಂ. ಎಲ್ಲಾ ಅಬದ್ಧಂ." ಸಿಟ್ಟಿಗೆ ಅವಳ ಬಾಯಿಗೆ ತೆಲುಗೇ ಬಂತು. ಪ್ರಿಂಟನ್ನು ಮಡಿಚಿ ಸೆರಗಿನೊಳಗೆ ಸೇರಿಸಿ, "ಇದು ಕೊಡಿ ಸಾಮಿ ನಂಗೆ," ಎಂದಳು; ಕೇಳಿದ್ದಲ್ಲ, ಹೇಳಿದ್ದು.

ಆಮೇಲೆ ನಡೆದುದನ್ನು ಎಷ್ಟು ಸಲ ನೆನೆದುಕೊಂಡರೂ ಮೊದಲು ಏನಾಯಿತು ಎಂಬುದು ಅವನಿಗೆ ಸಿಗಲಿಲ್ಲ. ಎಸ್ಸೈಯ ನಗು ಕಂಡಿತೋ, ಕೋದಂಡರಾಮಪ್ಪನ ಜನ ಕಂಡರೋ. ಅವನ ಕೈ ಅವಳ ಮಣಿಕಟ್ಟನ್ನು ಹಿಡಿದಿತ್ತು, ಲೆನ್ಸ್ ಬಿಚ್ಚುವ ಹಾಗೆಯೇ ತಿರುಚುತ್ತಿತ್ತು. ಅವಳು ಬಿಡಲಿಲ್ಲ. ಅವನು ಸೆರಗಿನೊಳಗೆ ಕೈಹಾಕಿ ಪ್ರಿಂಟನ್ನು ಕಿತ್ತ. ಅದು ಅರ್ಧಕ್ಕೆ ಹರಿಯಿತು. ಇನ್ನೊಂದು ಕೈಯಿಂದ ಅವಳನ್ನು ತಳ್ಳಿದ, ಇಲ್ಲ, ಹೊಡೆದ; ಅಂಗೈಯ ಬುಡ ಅವಳ ದವಡೆಗೆ ಬಡಿದ ಸದ್ದು ನೆನಪಿದೆ. ಅವಳು ಲೈಟಿನ ಸ್ಟ್ಯಾಂಡಿನ ಮೇಲೆ ಬಿದ್ದಳು, ದೊಡ್ಡ ಬಲ್ಬು ಪಟ್ಟೆಂದು ಒಡೆದು ಗಾಜು ಹಣೆಗೆ ಹೊಕ್ಕಿತು. ನೆಲದಲ್ಲಿ ಕೂತು, ಹಣೆಯಿಂದಿಳಿದ ರಕ್ತವನ್ನು ಮುಂಗೈಯಲ್ಲಿ ಒರೆಸಿಕೊಂಡು, ಅವನನ್ನು ನೋಡಿದಳು. ಬಯ್ಯಲಿಲ್ಲ. ಬೈದಿದ್ದರೆ ಅವನೂ ಬೈಯಬಹುದಿತ್ತು. "ನೀವೂ ಆ ತೋಟದೋರೇನಾ ಸಾಮಿ?" ಎಂದಷ್ಟೇ ಕೇಳಿ ಎದ್ದು ಹೋದಳು. ಅವಳ ಕಾಲಿಗೂ ಗಾಜು ಚುಚ್ಚಿತ್ತು. ಹೊಸಲಿನವರೆಗೆ, ಹೊಸಲಿನಿಂದ ಬೀದಿಯವರೆಗೆ, ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆ ಕೆಂಪಗೆ ಮೂಡಿತ್ತು. ಅವನು ಬಕೆಟ್ಟು ತಂದು, ಯಾರಾದರೂ ನೋಡುವ ಮೊದಲು ಎಂದು, ಅದನ್ನು ತೊಳೆದ.

ಮೂರನೆಯ ದಿನ ಕೋದಂಡರಾಮಪ್ಪನೇ ಬಂದ. ಬಿಳಿ ಪಂಚೆ, ಮೈಯಿಂದ ಹೊಮ್ಮುವ ಅತ್ತರು, ಹಿಂದೆ ಇಬ್ಬರು ಆಳುಗಳು. ಸಿಟ್ಟಿರಲಿಲ್ಲ. ಗಿರಾಕಿಗಳು ಕೂರುವ ಕುರ್ಚಿಯಲ್ಲಿ ಕೂತು, ಹಿಂದಿನ ಪರದೆಯ ಮೇಲೆ ಬರೆದಿದ್ದ ಉದ್ಯಾನವನ್ನೂ ನವಿಲನ್ನೂ ನೋಡಿ, "ಚೆನ್ನಾಗೈತೆ," ಎಂದ. ಆಮೇಲೆ, "ಆ ಹೆಂಗಸು ಹಣೆಗೆ ಬಟ್ಟೆ ಕಟ್ಕಂಡು ಠಾಣೆ ಮುಂದೆ ಕೂತು ಬಡ್ಕೊಂತಾವ್ಳೆ. ಪಟದಾಗೆ ನಮ್ಮ ಪಂಪ್‌ಹೌಸು ಐತಂತೆ. ಹೌದೇನಪ್ಪಾ?" ಎಂದ.

"ಪ್ರಿಂಟು ಹರಿದು ಹಾಕ್ದೆ ಅಯ್ಯಾ."

"ಪ್ರಿಂಟು ಬಿಡು. ತಾಯಿ ಇರ್ತದಲ್ಲ, ಕಪ್ಪಂದು. ಅದು ಕೊಡು."

ಕದಿರಪ್ಪ ನೆಗೆಟಿವ್ ತಂದು ಕೊಟ್ಟ. ಒಂದೇ ಪಟ್ಟಿ, ಅದರಲ್ಲಿ ಒಂದರ ಪಕ್ಕ ಒಂದು ಎರಡು ಚೌಕ. ಕೋದಂಡರಾಮಪ್ಪ ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಕಪ್ಪು ಬಿಳಿ ತಿರುಗುಮುರುಗಾಗಿ ಬಿದ್ದ ಪುಟ್ಟ ಮುಖ, ಎರಡು ಸಲ. "ಎರಡೂ ಒಂದೇ ಥರ ಐತಲ್ಲೋ. ಯಾವುದ್ರಾಗೆ ಕಾಣ್ತದೆ?" ಎಂದ.

ಆ ಗಳಿಗೆಯಲ್ಲಿ ಕದಿರಪ್ಪನ ಎದೆ ಹಗುರಾಯಿತು. ಇವರಿಗೆ ಗೊತ್ತಾಗುವುದಿಲ್ಲ. ಜಪಾನಿನ ಚೌಕಕ್ಕೆ ಬೆರಳು ತೋರಿಸಿ ಇದು ಎಂದರೆ ಅದನ್ನು ಕತ್ತರಿಸಿಕೊಂಡು ಹೋಗುತ್ತಾರೆ, ಇನ್ನೊಂದು ಉಳಿಯುತ್ತದೆ. ಬೆರಳು ಎತ್ತಿಯೂ ಎತ್ತಿದ. ಅಷ್ಟರಲ್ಲಿ ಹಿಂದೆ ನಿಂತಿದ್ದ ಆಳು ಅವನ ಕೆನ್ನೆಗೆ ಹೊಡೆದ. ದೊಡ್ಡ ಏಟಲ್ಲ, ಎತ್ತನ್ನು ಎಬ್ಬಿಸಲು ಹಾಕುವಂಥದ್ದು. "ಕೇಳಿಸ್ತಿಲ್ವೇನ್ಲಾ? ಎರಡ್ರಾಗೂ ಐತೇನೋ ಕಳ್ಳಾ, ಆಟ ಆಡ್ತೀಯಾ?" ಎಂದು ಇನ್ನೊಂದು ಕೊಟ್ಟ. ಕದಿರಪ್ಪನ ಬಾಯಿಂದ ಮಾತು ಹೊರಟಿತು. "ಎರಡ್ರಲ್ಲೂ ಅಲ್ಲ ಅಯ್ಯಾ, ಒಂದ್ರಲ್ಲಿ ಮಾತ್ರ. ಲೆನ್ಸು ಬೇರೆ ಬೇರೆ," ಎಂದ. ಒಂದು ಎಂಬತ್ತೈದರದು, ಅದು ಹಿಂದಿರುವುದನ್ನು ಪೂರ್ತಿ ಕರಗಿಸುತ್ತದೆ. ಇನ್ನೊಂದು ಐವತ್ತೆಂಟರದು, ಅದರಲ್ಲಿ ಅಂಚು ಉಳಿಯುತ್ತದೆ, ಗೆರೆಯೊಂದು ಎರಡಾಗುತ್ತದೆ, ಮೂಲೆಯಲ್ಲಿ ಸುಳಿ ಬೀಳುತ್ತದೆ. ನೋಡಿ, ಇಲ್ಲಿ ಚುಕ್ಕೆ ಇದೆಯಲ್ಲ, ಅದು ತ್ರಿಕೋನ. ಭೂತಗನ್ನಡಿ ತಂದುಕೊಟ್ಟ. ಕೋದಂಡರಾಮಪ್ಪ ಬಗ್ಗಿ ನೋಡಿ "ಹೌದಲ್ಲಾ!" ಎಂದು ಆಶ್ಚರ್ಯಪಟ್ಟ. ತನ್ನ ದನಿಯಲ್ಲಿ ಪಾಠ ಹೇಳುವವನ ಸಂತೋಷ ಸೇರಿಕೊಂಡಿರುವುದು ಕದಿರಪ್ಪನಿಗೆ ಕೇಳಿಸಿತು. ಕೇಳಿಸಿದ ಮೇಲೂ ನಿಲ್ಲಿಸಲಾಗಲಿಲ್ಲ. ಇಷ್ಟು ಗಮನ ಕೊಟ್ಟು ಅವನ ಮಾತನ್ನು ಓಬೇದುಲ್ಲಾ ಬಿಟ್ಟು ಯಾರೂ ಕೇಳಿರಲಿಲ್ಲ.

ಅವನದೇ ಕತ್ತರಿಯಿಂದ ಆ ಚೌಕವನ್ನು ಕತ್ತರಿಸಿ, ಬೆಂಕಿಕಡ್ಡಿ ಗೀಚಿದರು. ಫಿಲ್ಮು ಮುದುಡಿ, ಕುದಿದು, ನೆಲಕ್ಕೆ ತೊಟ್ಟಿಕ್ಕಿತು. ಕೋದಂಡರಾಮಪ್ಪ ಏಳುತ್ತ ಅವನ ಉರಿಯುವ ಕೆನ್ನೆಯನ್ನು ತಟ್ಟಿ, "ಬುದ್ಧಿವಂತ ಕಣೋ ನೀನು. ಬರೋ ತಿಂಗಳು ಮಗಳ ನಿಶ್ಚಿತಾರ್ಥ. ಆ ಕರಗಿಸೋದು ಐತಲ್ಲ, ಅದನ್ನೇ ತಗಂಡ್ ಬಾ," ಎಂದು ಹೋದ.

ಒಳಬಾಗಿಲಲ್ಲಿ ಅನಸೂಯಮ್ಮ ನಿಂತಿದ್ದಳು. "ಯಾವುದು ಅಂತ ಅವ್ರಿಗೆ ಗೊತ್ತಿರ್ಲಿಲ್ಲ ಅಲ್ವಾ?" ಎಂದಳು. ಅವನ ಕೈಗೆ ಸಿಕ್ಕಿದ್ದು ರಷ್ಯನ್ ಲೆನ್ಸು. ಬೀಸಿ ಒಗೆದ. ಅದು ಅವಳ ಕಿವಿಯ ಪಕ್ಕದ ಗೋಡೆಗೆ ಬಡಿದು ಗಾರೆ ಉದುರಿತು. ನಾಲ್ಕು ಬೆರಳು ಆಚೆ ಹೋಗಿದ್ದರೆ ಅವಳ ತಲೆ. ಅವಳು ಅಲ್ಲಾಡಲಿಲ್ಲ. ಗಾರೆಯ ಪುಡಿಯನ್ನು ಹೆಗಲಿನಿಂದ ಒರೆಸಿಕೊಂಡು, "ಆಯಮ್ಮನಿಗೂ ಹೊಡೆದ್ರಿ. ನಂಗೂ ಹೊಡೀರಿ. ಅವ್ರಿಗೆ ಮಾತ್ರ ಅಯ್ಯಾ ಅನ್ನಿ," ಎಂದಳು. ಕದಿರಪ್ಪ ಗಿರಾಕಿಯ ಕುರ್ಚಿಯಲ್ಲಿ ಕುಸಿದ. ಆ ಕುರ್ಚಿ ಇನ್ನೂ ಬೆಚ್ಚಗಿತ್ತು, ಅತ್ತರಿನ ವಾಸನೆ ಬರುತ್ತಿತ್ತು. ಥಟ್ಟನೆ ಎದ್ದುಬಿಟ್ಟ.

ಮಾರನೆಯ ಬೆಳಿಗ್ಗೆ ಕ್ಯಾಮೆರಾ ತೆಗೆದುಕೊಳ್ಳದೆ ಶ್ರೀನಿವಾಸಪುರದ ಬಸ್ಸು ಹತ್ತಿದ. ಇಪ್ಪತ್ತು ವರ್ಷದಲ್ಲಿ ಹೆಗಲಿಗೆ ಚೀಲವಿಲ್ಲದೆ ಊರು ಬಿಟ್ಟದ್ದು ಅದೇ ಮೊದಲು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಯಾಕೆ ಹೋಗುತ್ತಿದ್ದೇನೆ ಎಂದು ಕೇಳಿಕೊಂಡ. ಕ್ಷಮೆ ಕೇಳಲು ಎಂದರೆ ಸುಳ್ಳು, ಕ್ಷಮೆ ಸಿಗದಿದ್ದರೂ ನಡೆದೀತು ಅನ್ನಿಸುತ್ತಿತ್ತು. ಸೀಗಲಪಲ್ಲಿಯ ಕಾಲೋನಿಯಲ್ಲಿ ರಾಮಲಕ್ಷ್ಮಮ್ಮ ಗುಡಿಸಲಿನ ಮುಂದೆ ರಾಗಿ ಕೇರುತ್ತಿದ್ದಳು. ಹಣೆಯ ಗಾಯ ಕಪ್ಪಗೆ ಒಣಗಿತ್ತು. ಸುತ್ತಲಿನ ಗುಡಿಸಲುಗಳಿಂದ ಜನ ಹೊರಬಂದು ನಿಂತರು.

"ಪಟ ತಂದ್ರಾ?"

"ಇಲ್ಲಮ್ಮ. ಸುಟ್ಟಾಕಿದ್ರು. ಯಾವುದು ಅಂತ ಅವ್ರಿಗೆ ಗೊತ್ತಿರ್ಲಿಲ್ಲ, ನಾನೇ ತೋರಿಸ್ದೆ." ಮೊರದಲ್ಲಿದ್ದ ರಾಗಿಯನ್ನು ನೋಡುತ್ತ ಮುಂದುವರಿಸಿದ. "ಇನ್ನೊಂದು ಮಾತು. ಹಿಂದೆ ಬರ್ದಿದ್ದು ನಿಮ್ಮ ಯಜಮಾನರ ಹೆಸರಲ್ಲ."

"ಮತ್ತೇನು?"

ಹೇಳಿದ. ಲೆನ್ಸಿನ ವಿಷಯ, ಎರಡು ಸಲ ತೆಗೆದದ್ದು, ಯಾವುದು ಚೆನ್ನಾಗಿ ಕರಗಿಸುತ್ತದೆ ಎಂದು ನೋಡಿದ್ದು, ಬೆಣ್ಣೆ ಎಂದು ಬರೆದದ್ದು. ಅವಳು ಮೊರವನ್ನು ಕೆಳಗಿಟ್ಟು ಎದ್ದು ಬಂದಳು. ಮೊದಲ ಏಟು ಕೆನ್ನೆಗೆ, ಎರಡನೆಯದು ಬಾಯಿಗೆ. ಆಮೇಲೆ ಎರಡೂ ಕೈಯಿಂದ, ಎದೆಗೆ, ತಲೆಗೆ, ಹೆಗಲಿಗೆ, ಬಟ್ಟೆ ಒಗೆಯುವವಳ ಹಾಗೆ, ಉಸಿರು ಬಿಡುತ್ತ ಬಡಿದಳು. ಅವನ ತುಟಿ ಒಡೆಯಿತು. ಯಾರೂ ಬಿಡಿಸಲಿಲ್ಲ. ಅವನು ಕೈ ಅಡ್ಡ ತರಲಿಲ್ಲ. ತರಬಾರದು ಎಂದು ನಿರ್ಧರಿಸಿ ಅಲ್ಲ, ಆ ಏಟುಗಳಲ್ಲಿ ಏನೋ ಸರಿಯಾದದ್ದಿತ್ತು, ಅಳತೆಗೆ ತಕ್ಕಂತಿತ್ತು. ಸುಸ್ತಾಗಿ ನಿಂತಾಗ ಅವಳು, "ಜಾಗ ತೋರಿಸು ನಡಿ," ಎಂದಳು. ಸಾಮಿ ಎನ್ನಲಿಲ್ಲ.

ಪಂಪ್‌ಹೌಸಿಗೆ ಹೊಸದಾಗಿ ಸುಣ್ಣ ಬಳಿದಿದ್ದರು. ತ್ರಿಕೋನವಿರಲಿಲ್ಲ. ಕಾಲೋನಿಯ ಇಪ್ಪತ್ತು ಮೂವತ್ತು ಜನ ಹಿಪ್ಪುನೇರಳೆಯ ಬದುವಿನ ಮೇಲೆ ನಿಂತರು. ಆ ತೋಟದೊಳಗೆ ಅಷ್ಟು ಜನ ಒಟ್ಟಿಗೆ ಕಾಲಿಟ್ಟದ್ದು ಅದೇ ಮೊದಲಿರಬೇಕು.

"ತಲೆ ಎಲ್ಲಿತ್ತು?"

"ಇಲ್ಲಿ."

"ಕಾಲು?"

"ಆ ಕಡೆ. ಕಾಲುವೆ ಕಡೆ."

"ಹೆಂಗೆ ಬಿದ್ದಿದ್ದ? ಮಲಗಿ ತೋರಿಸು."

ಕದಿರಪ್ಪ ಮಲಗಿದ. ಬೆನ್ನಿಗೆ ಹೊಂಗೆಯ ಒಣಕಾಯಿಗಳು ಚುಚ್ಚಿದವು. ಬಲಗೈಯನ್ನು ತಲೆಯ ಪಕ್ಕಕ್ಕೆ ತಂದು, ಬೆರಳುಗಳನ್ನು ಹಿಂದಕ್ಕೆ ಮಡಿಚಿದ. ಮೇಲೆ ಎಲೆಗಳ ನಡುವೆ ಆಕಾಶ ಚೂರುಚೂರಾಗಿ ಹೊಳೆಯುತ್ತಿತ್ತು. ಸಾಯುವವನಿಗೆ ಕಡೆಗೆ ಕಂಡದ್ದು ಇದು ಎಂಬುದು ಅವನಿಗೆ ಆಗ ಹೊಳೆಯಿತು, ತಾನು ಇಷ್ಟು ದಿನ ಅದನ್ನು ಯೋಚಿಸಿಯೇ ಇರಲಿಲ್ಲವೆಂಬುದೂ. ಓಡಿ ಬರುವ ಕಾಲುಗಳ ಸದ್ದು ನೆಲದ ಮೂಲಕ ಬೆನ್ನಿಗೆ ಮೊದಲು ತಲುಪಿತು. ಆಮೇಲೆ ಬೈಗುಳ. ಸ್ಟುಡಿಯೋಗೆ ಬಂದಿದ್ದ ಆಳೇ, ಕೈಯಲ್ಲಿ ಪೈಪು. "ಏಯ್, ಲೇವಯ್ಯಾ ಅಲ್ಲಿಂದ, ಎದ್ದೇಳ್ಲಾ!" ಕದಿರಪ್ಪ ಏಳಲಿಲ್ಲ. ಯಾಕೆ ಏಳಲಿಲ್ಲವೆಂದು ಆಮೇಲೆ ಎಷ್ಟೋ ಜನ ಕೇಳಿದರು. ಕಾಲು ಬರಲಿಲ್ಲ ಎಂದರೂ ನಿಜವೇ. ಪೈಪು ತಲೆಯ ಕಡೆ ಇಳಿಯಿತು, ಅವನು ಬಲಗೈ ಎತ್ತಿದ. ಮುಂಗೈಯ ಮೂಳೆ ಹಸಿ ಕೊಂಬೆ ಮುರಿದ ಹಾಗೆ ಮುರಿಯಿತು. ಎರಡನೆಯ ಏಟು ಪಕ್ಕೆಗೆ. ಮೂರನೆಯದು ಬೀಳಲಿಲ್ಲ, ರಾಮಲಕ್ಷ್ಮಮ್ಮ ಎಸೆದ ಕಲ್ಲು ಆಳಿನ ಮುಖಕ್ಕೆ ಬಡಿದಿತ್ತು. ಆಮೇಲೆ ಬದುವಿನ ಮೇಲಿದ್ದವರೆಲ್ಲ ಇಳಿದರು. ಹಲ್ಲು, ಉಗುರು, ಕಲ್ಲು, ಹಿಪ್ಪುನೇರಳೆಯ ಕೋಲು. ಪಂಪ್‌ಹೌಸಿನ ಬಾಗಿಲು ಕಿತ್ತುಬಿತ್ತು. ಹೊಸ ಸುಣ್ಣದ ಮೇಲೆ ಯಾರದೋ ಕೈಯ ರಕ್ತ ಅಡ್ಡಕ್ಕೆ ಬಳಿದುಕೊಂಡು ಹೋಯಿತು.

ಗಲಾಟೆ ದೊಡ್ಡದಾದ್ದರಿಂದ ಕೋಲಾರದಿಂದ ದೊಡ್ಡ ಅಧಿಕಾರಿಗಳು ಬರಬೇಕಾಯಿತು. ಆಸ್ಪತ್ರೆಯ ಮಂಚದ ಮೇಲೆ ಕದಿರಪ್ಪ ಹೇಳಿಕೆ ಕೊಟ್ಟು, ಎಡಗೈ ಹೆಬ್ಬೆಟ್ಟೊತ್ತಿದ. ಪಂಪ್‌ಹೌಸಿನ ಸುಣ್ಣವನ್ನು ಕೆರೆದು ನೋಡಿದರು, ಕೆಳಗೆ ರಕ್ತದ ಕಲೆ ಸಿಕ್ಕಿತು. ಎಸ್ಸೈ ಸಸ್ಪೆಂಡ್ ಆದ. ಕೇಸು ಎರಡು ವರ್ಷ ನಡೆದು ಆಳುಗಳಿಬ್ಬರಿಗೆ ಏಳೇಳು ವರ್ಷ, ಕೋದಂಡರಾಮಪ್ಪನಿಗೆ ಮೂರು ವರ್ಷವಾಯಿತು. ಕಡಿಮೆಯಾಯಿತು ಎಂದವರಿದ್ದರು, ಇಷ್ಟಾದರೂ ಆಯಿತಲ್ಲ ಎಂದವರೂ ಇದ್ದರು. ಮೂಳೆ ಸೊಟ್ಟಗೆ ಕೂಡಿಕೊಂಡು ಕದಿರಪ್ಪನ ಬಲಗೈ ಮೊದಲಿನಂತೆ ತಿರುಗುತ್ತಿರಲಿಲ್ಲ. ಅನಸೂಯಮ್ಮನೇ ಸ್ಟುಡಿಯೋದಲ್ಲಿ ನಿಂತು ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುವುದನ್ನು ಕಲಿತಳು. ಆದರೆ ಅವನನ್ನು ಆಮೇಲೂ ಬಿಡದೆ ಕಾಡಿದ್ದು ತೀರ್ಪಲ್ಲ, ಏಟೂ ಅಲ್ಲ, ಸಾಕ್ಷಿ ಹೇಳಿದ ದಿನ.

ಎದುರು ವಕೀಲರು ವಯಸ್ಸಾದವರು, ಸಣ್ಣ ದನಿಯವರು. ಠಾಣೆಗೆ ಕೊಟ್ಟಿದ್ದ ಜಪಾನಿ ಲೆನ್ಸಿನ ಪ್ರಿಂಟನ್ನು ಫೈಲಿನಿಂದ ತೆಗೆದು, ಕದಿರಪ್ಪನಿಗೆ ಕಾಣದಂತೆ ತಮ್ಮ ಎದೆಗೆ ಹಿಡಿದುಕೊಂಡರು.

"ಈ ಫೋಟೋ ತೆಗೆದದ್ದು ನೀವೇ. ತೊಳೆದದ್ದು ನೀವೇ. ಎಷ್ಟು ಸಲ ನೋಡಿದೀರಿ?"

"ತುಂಬಾ ಸಲ ಸ್ವಾಮಿ."

"ಹಾಗಾದ್ರೆ ಹೇಳಿ. ಸತ್ತವನ ಕಣ್ಣು ತೆರೆದಿತ್ತೋ, ಮುಚ್ಚಿತ್ತೋ?"

ಕದಿರಪ್ಪ ಬಾಯಿ ತೆರೆದ. ಗೋಡೆ ನೆನಪಿತ್ತು. ಚೌಕಟ್ಟಿನ ನೆರಳು, ಪೈಪಿನ ಬಾಯಿ, ಒಂದು ಲೆನ್ಸಿನಲ್ಲಿ ಒಡೆದ ಅಂಚು, ಇನ್ನೊಂದರಲ್ಲಿ ಇಲ್ಲದ ಅಂಚು, ಬೂದಿಯ ಹತ್ತು ಬಗೆ. ಅವೆಲ್ಲದರ ಮುಂದೆ, ಮುಖವಿರಬೇಕಾದ ಕಡೆ, ಏನೂ ಇರಲಿಲ್ಲ.

"ಗೊತ್ತಿಲ್ಲ ಸ್ವಾಮಿ."

ಯಾರೋ ನಕ್ಕರು. ವಕೀಲರು ಜಡ್ಜರ ಕಡೆ ತಿರುಗಿ, "ಕಣ್ಣೆದುರಿನ ಮುಖ ನೆನಪಿಲ್ಲ. ಐದಾರು ಮಾರು ಹಿಂದಿನ ಗೋಡೆ ಮಾತ್ರ ನೆನಪಿದೆ. ಇದನ್ನ ನಂಬಬೇಕಂತೆ," ಎಂದರು.

"ನಾನು ನೋಡ್ತಿದ್ದಿದ್ದು ಮುಖ ಅಲ್ಲ ಸ್ವಾಮಿ," ಎಂದ ಕದಿರಪ್ಪ. "ಗೋಡೇನ. ಮುಖ ಇದ್ದಿದ್ದು ಬರೀ ಅಡ್ಡಕ್ಕೆ. ದೇವರಾಣೆಗೂ ನಾನು ಮುಖ ನೋಡಿಲ್ಲ."

ನಗು ನಿಂತಿತು. ಜಡ್ಜರು ಪೆನ್ನು ಕೆಳಗಿಟ್ಟು ಅವನನ್ನೇ ನೋಡಿದರು. ಹಿಂದಿನ ಬೆಂಚಿನಿಂದ ರಾಮಲಕ್ಷ್ಮಮ್ಮ ಎದ್ದು ನಿಂತದ್ದನ್ನು ಅವನು ಕಾಣಲಿಲ್ಲ, ದನಿಯನ್ನಷ್ಟೇ ಕೇಳಿದ. ಜವಾನ ಕೂತ್ಕಳಮ್ಮ ಎಂದು ಗದರುತ್ತಿದ್ದರೂ ಅವಳು 'ತೆರೆದಿತ್ತು' ಎಂದು ಇಡೀ ಕೋರ್ಟಿಗೆ ಕೇಳುವ ಹಾಗೆ ಹೇಳಿದಳು.

"ತೆರೆದಿತ್ತು ಸಾಮಿ. ಮುಚ್ಚಿದ್ದು ನಾನು."